ಊರು ಬಿಟ್ಟರೆ ಹೆಸರು ಬೇರೆ



ಇವತ್ತಿನ ಮಾತನ್ನು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಸಮಡೋಳಿಯಲ್ಲಿ ಒಬ್ಬ ಮನುಷ್ಯ ಇದ್ದಾನೆನ್ನಿ. ಮನೆಯೊಳಗೆ ಅವ್ವನ ಜೊತೆ ಕನ್ನಡ, ಹೊರಗೆ ಕಟ್ಟೆಯ ಮೇಲೆ ಮರಾಠಿ. ಎರಡೂ ಅವನಿಗೆ ನೀರು ಕುಡಿದಷ್ಟು ಸಲೀಸು. ಈ ಮನುಷ್ಯ ಅರಿಸಿನ ಮಾರಲು ಸಾಂಗಲಿ ಪೇಟೆಗೆ ಹೋಗಿ ತಮ್ಮನ ಜೊತೆ ಎರಡು ಮಾತು ಕನ್ನಡದಲ್ಲಿ ಆಡಿದನೆಂದರೆ, ಪಕ್ಕದವರ ಬಾಯಲ್ಲಿ ಅವನು ‘ಕಾನಡಿ’. ಅವನೇ ಧಾರವಾಡಕ್ಕೆ ಹೋದರೆ, ಮಾತಿನಲ್ಲಿ ಬೆರೆತ ಮರಾಠಿ ಕೇಳಿ ಅಲ್ಲಿಯವರು ‘ಮರಾಠಿ ಮಂದಿ’ ಎನ್ನುತ್ತಾರೆ. ಮುಂಬಯಿಯಲ್ಲಿ ಅವನು ‘ಘಾಟಿ’. ದಿಲ್ಲಿಯಲ್ಲಿ ಮನೆಮಾತು ಕನ್ನಡ ಎಂದು ಹೇಳಿದ ಕ್ಷಣದಿಂದ ‘ಮದ್ರಾಸಿ’. ಸಮುದ್ರ ದಾಟಿ ಕೊಲ್ಲಿ ದೇಶಕ್ಕೆ ಇಳಿದರೆ ‘ಮಲಬಾರಿ’. ಮಲೇಶಿಯಾದ ಕಡೆ ಹೋದರೆ ‘ಕೆಲಿಂಗ್’. ಮನುಷ್ಯ ಒಬ್ಬನೇ, ಹೆಸರು ಆರು. ಈ ಆರರಲ್ಲಿ ಒಂದನ್ನೂ ಅವನ ಅವ್ವ ತೊಟ್ಟಿಲಲ್ಲಿ ಇಟ್ಟಿರಲಿಲ್ಲ.

ಗಡಿಯಲ್ಲಿ ಇರುವ ನಮಗೆ ಇದು ಹೊಸದಲ್ಲ. ಕೇಳಿದಾಗ ಒಮ್ಮೆ ನಗುತ್ತೇವೆ, ಒಮ್ಮೆ ಎದೆಗೆ ಮುಳ್ಳು ಚುಚ್ಚಿದಂತಾಗುತ್ತದೆ. ಆದರೆ ಈ ಹೆಸರುಗಳು ಎಲ್ಲಿಂದ ಬಂದವು, ಯಾವಾಗ ಬೈಗುಳವಾದವು ಎಂದು ಕೂತು ವಿಚಾರ ಮಾಡುವುದು ಕಡಿಮೆ. ಆ ವಿಚಾರವನ್ನೇ ಇವತ್ತು ತಮ್ಮ ಮುಂದೆ ಇಡುತ್ತೇನೆ.

ಮೊದಲು ಮನೆಯ ಹತ್ತಿರದ ಹೆಸರು ತೆಗೆದುಕೊಳ್ಳೋಣ. ‘ಕಾನಡಾ’, ‘ಕಾನಡಿ’ ಎಂದರೆ ಮರಾಠಿಯಲ್ಲಿ ಕನ್ನಡದ್ದು, ಕನ್ನಡದವನು ಎಂದು ಅರ್ಥ. ಅದರ ಬೆನ್ನಿಗೇ ಇನ್ನೊಂದು ಅರ್ಥವೂ ಇದೆ: ತಿಳಿಯದ್ದು, ಕೈಗೆ ನಿಲುಕದ್ದು. ನೆರೆಯವನ ಮಾತು ಅರ್ಥವಾಗದಿದ್ದಾಗ ಅವನ ಭಾಷೆಯ ಹೆಸರನ್ನೇ ಒಗಟಿಗೆ ಇಟ್ಟುಬಿಡುವುದು ಎಲ್ಲ ನಾಡಿನ ರೂಢಿ. ಆದರೂ ಈ ಶಬ್ದಕ್ಕೆ ಒಂದು ಕಾಲದಲ್ಲಿ ಎಂಥ ಸ್ಥಾನ ಇತ್ತು ನೋಡಿ. ಜ್ಞಾನೇಶ್ವರರ ಹೆಸರಿನಲ್ಲಿ ವಾರಕರಿಗಳು ಹಾಡುವ ಪ್ರಸಿದ್ಧ ಅಭಂಗವೊಂದರಲ್ಲಿ ಪಂಢರಪುರದ ವಿಠ್ಠಲನನ್ನೇ ಕಾನಡಾ ಎಂದು, ಕರ್ನಾಟಕದವನು ಎಂದು ಕರೆಯಲಾಗಿದೆ. ಅಲ್ಲಿ ಎರಡು ಅರ್ಥವೂ ಕೂಡಿವೆ. ದೇವರು ಕನ್ನಡ ನಾಡಿನವನು, ಸುಲಭಕ್ಕೆ ತಿಳಿಯದವನು ಕೂಡ. ಸಂತರ ಬಾಯಲ್ಲಿ ಅದು ಭಕ್ತಿಯ ಶಬ್ದ. ಮರಾಠಿ ಸಂಶೋಧಕ ರಾ. ಚಿಂ. ಢೇರೆಯವರು 1984ರಲ್ಲಿ ವಿಠ್ಠಲನ ಮೇಲೆ ಬರೆದ ದೊಡ್ಡ ಗ್ರಂಥದಲ್ಲಿ ಈ ಕನ್ನಡ ನಂಟನ್ನು ವಿಸ್ತಾರವಾಗಿ ಚರ್ಚಿಸಿದರು. ಅದನ್ನು ಓದಿ ಮೆಚ್ಚಿದವರು ಮರಾಠಿ ಓದುಗರೇ.

ನಮ್ಮ ಈ ಭಾಗದಲ್ಲಿ ಕನ್ನಡ ಬಂದು ಸೇರಿದ ಭಾಷೆಯೂ ಅಲ್ಲ. ಮಿರಜಕ್ಕೆ ಹಳೆಯ ಶಾಸನಗಳಲ್ಲಿ ‘ಮಿರಿಂಜೆ’ ಎಂಬ ಹೆಸರಿದೆ. 12ನೆಯ ಶತಮಾನದ ಶಿಲಾಹಾರ ಅರಸರು ಕೊಲ್ಹಾಪುರ, ಮಿರಜ ಸೀಮೆಯಲ್ಲಿ ಕನ್ನಡದಲ್ಲಿಯೂ ಕಲ್ಲು ಬರೆಸಿದ್ದಾರೆ. ಮುಂದೆ ಪಟವರ್ಧನರ ಕಾಲ ಬಂತು. 1801ರಲ್ಲಿ ಮಿರಜದಿಂದ ಬೇರೆಯಾದ ಸಾಂಗಲಿ ಸಂಸ್ಥಾನದಲ್ಲಿ ತೇರದಾಳ, ಶಹಾಪುರ, ಶಿರಹಟ್ಟಿಗಳೂ ಇದ್ದವು. ಎಂದರೆ ಒಂದೇ ಸಂಸ್ಥಾನದ ಪ್ರಜೆಗಳು ಎರಡು ಭಾಷೆಯವರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳ ಗೆರೆ ಎಳೆದರು. ಆಗಿನ ದಕ್ಷಿಣ ಸಾತಾರಾ ಜಿಲ್ಲೆ 1960ರಲ್ಲಿ ಸಾಂಗಲಿ ಜಿಲ್ಲೆ ಎಂಬ ಹೆಸರು ಪಡೆಯಿತು. ಗೆರೆ ಬಿದ್ದ ಮೇಲೆ ‘ಕಾನಡಿ’ ಎಂಬ ಶಬ್ದದ ಧ್ವನಿ ಬದಲಾಯಿತು. ಮೊದಲು ಅದು ‘ನೀನು ಈ ಮಾತಿನವನು’ ಎನ್ನುತ್ತಿತ್ತು. ಆಮೇಲೆ ‘ನೀನು ಆಚೆಯವನು’ ಎನ್ನತೊಡಗಿತು. ಮನುಷ್ಯ ಇದ್ದಲ್ಲಿಯೇ ಇದ್ದ, ಶಬ್ದ ಜಾಗ ಬಿಟ್ಟು ಸರಿಯಿತು.

ಇನ್ನು ಮುಂಬಯಿಯ ‘ಘಾಟಿ’. ಸಾತಾರಾ, ಸಾಂಗಲಿ, ಕೊಲ್ಹಾಪುರಗಳಿಂದ ಘಟ್ಟ ಇಳಿದು ಗಿರಣಿಗೆ, ಗೋದಿಗೆ, ಮನೆಗೆಲಸಕ್ಕೆ ಹೋದವರಿಗೆ ಬಿದ್ದ ಹೆಸರು ಅದು. ಘಟ್ಟದ ಮೇಲಿನವನು ಎಂಬುದಷ್ಟೇ ಮೂಲ ಅರ್ಥ. ಕರೆದವರು ಸಮುದ್ರದ ಬದಿಗೆ ನಿಂತಿದ್ದರು, ಅವರಿಗೆ ಕಂಡದ್ದು ಘಟ್ಟ. ಘಟ್ಟದ ಆಚೆ ಎಷ್ಟು ಊರು, ಎಷ್ಟು ಭಾಷೆ ಎಂಬುದು ಅವರಿಗೆ ಬೇಕಿರಲಿಲ್ಲ. ಹೀಗಾಗಿ ಮರಾಠಿಯವನೂ ಘಾಟಿಯೇ, ಮನೆಯಲ್ಲಿ ಕನ್ನಡ ಆಡುವವನೂ ಘಾಟಿಯೇ. ಗೋವೆಯಲ್ಲಿ ಇದೇ ಶಬ್ದ ‘ಘಾಂಟಿ’ ಆಗಿದೆ. ಅಲ್ಲಿ ರಸ್ತೆ, ಕಟ್ಟಡದ ಕೆಲಸಕ್ಕೆ ಹೋದ ಬಿಜಾಪುರ, ಗದಗ ಕಡೆಯ ಜನ ಈ ಶಬ್ದವನ್ನು ಚೆನ್ನಾಗಿ ಬಲ್ಲರು.

ನಾಡಿನ ಮೇಲೆ, ಗುಡ್ಡದ ಮೇಲೆ ಹುಟ್ಟುವ ಹೆಸರುಗಳಂತೆ ಕಿವಿಯ ಮೇಲೆ ಹುಟ್ಟುವ ಹೆಸರುಗಳೂ ಇವೆ. 1966ರ ನಂತರ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಚಳವಳಿಯ ಕಾಲದಲ್ಲಿ ‘ಯಂಡುಗುಂಡು’ ಎಂಬ ಶಬ್ದ ಬೀದಿಗೆ ಬಂತು. ನಮ್ಮ ಭಾಷೆಗಳು ಕೇಳುವವನ ಕಿವಿಗೆ ಹೇಗೆ ಬಿದ್ದವೋ ಹಾಗೆ ಮಾಡಿದ ಅಣಕ ಅದು. ಕನ್ನಡ, ತುಳು, ತಮಿಳು, ಮಲಯಾಳ ಎಲ್ಲ ಒಂದೇ ಗೋಣಿಚೀಲಕ್ಕೆ. ಪ್ರಾಚೀನ ಗ್ರೀಕರೂ ಇದನ್ನೇ ಮಾಡಿದ್ದರು. ಪರಭಾಷೆ ಅವರಿಗೆ ‘ಬರ್ ಬರ್’ ಎಂದು ಕೇಳಿಸಿತು, ಆಡಿದವನು ‘ಬಾರ್ಬರೋಸ್’ ಆದ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಕಿವಿಯ ದೋಷವನ್ನು ಬಾಯಿಯ ದೋಷ ಎಂದು ಹೇಳುವ ಚಾಳಿ ಎಷ್ಟು ಹಳೆಯದು ಎಂಬುದನ್ನು ತಾವು ಗಮನಿಸಬೇಕು.

ಈಗ ಸಮುದ್ರದ ಕಡೆ ಬರೋಣ. ಕನ್ನಡದ ಹೆಸರು ಪರದೇಶದವರ ಬಾಯಲ್ಲಿ ಬೈಗುಳವಾದ ಅತಿ ವಿಚಿತ್ರ ಕಥೆ ಗೋವೆಯದು. 1510ರಲ್ಲಿ ಪೋರ್ತುಗೀಜರು ಗೋವೆಯನ್ನು ಹಿಡಿದರು. ಅದಕ್ಕಿಂತ ಹಿಂದೆ ಆ ಸೀಮೆಯನ್ನು ಕದಂಬರು ಆಳಿದ್ದರು, ವಿಜಯನಗರ ಆಳಿತ್ತು. ದಕ್ಷಿಣದ ಕರಾವಳಿಗೆ ಪೋರ್ತುಗೀಜರು ‘ಕನಾರಾ’ ಎಂದರು. ಅದೇ ಹೆಸರಿನಿಂದ ಗೋವೆಯ ಮೂಲ ಜನರನ್ನು ‘ಕನಾರಿಂ’ ಎಂದು ಕರೆದರು. ಆ ಜನ ಆಡುವ ಭಾಷೆ ಕೊಂಕಣಿ. ಆದರೂ ಅದಕ್ಕೆ ‘ಕನಾರಿಂ ಭಾಷೆ’ ಎಂದೇ ಹೆಸರಾಯಿತು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಗೆ ವ್ಯಾಕರಣ ಬರೆದರು. ಅವರು ತೀರಿಕೊಂಡ ಮೇಲೆ, 1640ರಲ್ಲಿ, ರಾಚೋಲ್‌ನಲ್ಲಿ ಅದು ಅಚ್ಚಾದಾಗ ಮುಖಪುಟದ ಮೇಲೆ ಇದ್ದ ಹೆಸರು ಕನಾರಿಂ ಭಾಷೆಯ ವ್ಯಾಕರಣ ಎಂದು. ಒಳಗೆ ಕೊಂಕಣಿ, ಹೊರಗೆ ಕನ್ನಡದ ಹೆಸರು!

ಕಾಲ ಹೋದಂತೆ ‘ಕನಾರಿಂ’ ಎಂಬುದು ಗೋವೆಯ ಜನರಿಗೆ ಕೀಳು ಮಾತಾಯಿತು. ಬಿಳಿಯ ಅಧಿಕಾರಿ ಕರಿಯ ಚರ್ಮದವನನ್ನು ದೂರ ಇಡಬೇಕಾದಾಗ ಬಳಸುವ ಶಬ್ದವಾಯಿತು. ಗೋವೆ ಸರಕಾರದ ಮುಖ್ಯ ಕಾರ್ಯದರ್ಶಿಯಾಗಿದ್ದ ಕುನ್ಯಾ ರಿವಾರಾ ಎಂಬ ಪೋರ್ತುಗೀಜ ವಿದ್ವಾಂಸ 1857ರಲ್ಲಿ ಸ್ಟೀಫನ್ಸರ ವ್ಯಾಕರಣವನ್ನು ಮತ್ತೆ ಅಚ್ಚು ಹಾಕಿಸಿದ. ಆಗ ಮುಖಪುಟದ ಮೇಲೆ ‘ಕೊಂಕಣಿ’ ಎಂಬ ಸರಿಯಾದ ಹೆಸರು ಬಂತು. ಒಂದು ಭಾಷೆಗೆ ಅದರ ಸ್ವಂತ ಹೆಸರು ಮರಳಿ ಸಿಗಲು 217 ವರ್ಷ ಬೇಕಾದವು.

ಇಲ್ಲಿ ಸ್ವಲ್ಪ ನಿಂತು ನೋಡಿ. ಪೋರ್ತುಗೀಜನು ಗೋವೆಯವನನ್ನು ನಮ್ಮ ನಾಡಿನ ಹೆಸರು ಹಿಡಿದು ಹೀಗಳೆದ. ಮುಂದೆ ಗೋವೆಯ ಬೀದಿಯಲ್ಲಿ ಕನ್ನಡ ಕೂಲಿಯವನು ಘಾಂಟಿ ಎನ್ನಿಸಿಕೊಂಡ. ಹೀಗಳೆಸಿಕೊಂಡವನು ಅದನ್ನು ತನಗಿಂತ ಕೆಳಗೆ ನಿಂತವನಿಗೆ ದಾಟಿಸಿದ. ಇತ್ತ ಮಂಗಳೂರಿನಲ್ಲಿ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕಟ್ಟಿದ ಸಂಸ್ಥೆಗೆ ಅದೇ ‘ಕೆನರಾ’ ಹೆಸರು. ಅದೇ ಇವತ್ತಿನ ಕೆನರಾ ಬ್ಯಾಂಕ್. ಒಂದು ದಂಡೆಯಲ್ಲಿ ಬೈಗುಳ, ಇನ್ನೊಂದು ದಂಡೆಯಲ್ಲಿ ಬ್ಯಾಂಕಿನ ಬೋರ್ಡು. ಶಬ್ದದಲ್ಲಿ ವಿಷ ಇದ್ದಿದ್ದರೆ ಎರಡೂ ಕಡೆ ಕಹಿಯಾಗಬೇಕಿತ್ತು.

ಹಾಗಾದರೆ ಕಹಿ ಬರುವುದು ಎಲ್ಲಿಂದ? ಇದಕ್ಕೆ ಉತ್ತರ ಪೂರ್ವದಲ್ಲಿ, ಮಲಾಕಾದಲ್ಲಿ ಸಿಗುತ್ತದೆ. ‘ಕೆಲಿಂಗ್’ ಅಥವಾ ‘ಕ್ಲಿಂಗ್’ ಎಂಬುದು ನಮ್ಮ ಪೂರ್ವ ಕರಾವಳಿಯ ಕಳಿಂಗ ದೇಶದ ಹೆಸರು. ಮಲಾಯಿ ಜನ ದಕ್ಷಿಣ ಭಾರತದವರನ್ನೆಲ್ಲ ಹೀಗೆ ಕರೆದರು. 1511ರಲ್ಲಿ ಪೋರ್ತುಗೀಜರು ಮಲಾಕಾವನ್ನು ಗೆದ್ದಾಗ ಅಲ್ಲಿಯ ಕೆಲಿಂಗ್ ವ್ಯಾಪಾರಿಗಳು ಹಡಗು ಹೊಂದಿದ ಸಾಹುಕಾರರು. ಆಗ ಆ ಶಬ್ದದಲ್ಲಿ ಹೀನಾಯ ಇರಲಿಲ್ಲ. ಮಲಾಕಾ ಮತ್ತು ಪೆನಾಂಗಿನ ಹಳೆಯ ಮಸೀದಿಗಳು ಇವತ್ತಿಗೂ ಆ ಹೆಸರನ್ನು ಹೊತ್ತಿವೆ. ಇಂಗ್ಲಿಷರ ಕಾಲದಲ್ಲಿ ರಬ್ಬರ್ ತೋಟಗಳಿಗೆ ತಮಿಳು, ತೆಲುಗು ಕೂಲಿಗಳನ್ನು ಹಡಗು ತುಂಬಿ ಒಯ್ದರು. ಅಲ್ಲಿಂದ ಶಬ್ದ ಇಳಿಯಿತು. ಸಿಂಗಪುರದಲ್ಲಿ ಕ್ಲಿಂಗ್ ಸ್ಟ್ರೀಟ್ ಎಂಬ ರಸ್ತೆ ಇತ್ತು. ಹೆಸರು ಅವಮಾನಕರ ಎಂದು ಭಾರತೀಯರು ತಕರಾರು ಎತ್ತಿದ್ದರಿಂದ 1920ರ ದಶಕದ ಆರಂಭದಲ್ಲಿ ಅದನ್ನು ಚೂಲಿಯಾ ಸ್ಟ್ರೀಟ್ ಎಂದು ಬದಲಾಯಿಸಿದರು.

ಅರಬರ ನಾಡಿನಲ್ಲಿಯೂ ಇದೇ ಕಥೆ. ‘ಹಿಂದ್’ ಎಂಬುದು ಅರಬರಲ್ಲಿ ಹೆಣ್ಣುಮಕ್ಕಳಿಗೆ ಇಡುವ ಪುರಾತನ ಹೆಸರು. ‘ಮುಹನ್ನದ್’ ಎಂದರೆ ಹಿಂದುಸ್ತಾನದ ಉಕ್ಕಿನ ಕತ್ತಿ. ಅದನ್ನು ಗಂಡುಮಕ್ಕಳಿಗೆ ಈಗಲೂ ಇಡುತ್ತಾರೆ. ಆ ಉಕ್ಕು ಹುಟ್ಟುತ್ತಿದ್ದುದು ನಮ್ಮ ದಕ್ಷಿಣದಲ್ಲಿ. ಅದರ ಇಂಗ್ಲಿಷ್ ಹೆಸರು ‘ವೂಟ್ಸ್’ ಎಂಬುದು ಕನ್ನಡದ ‘ಉಕ್ಕು’ ಶಬ್ದದಿಂದಲೇ ಆಗಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಕತ್ತಿ ಕೊಟ್ಟ ಕಾಲದಲ್ಲಿ ನಮ್ಮ ಹೆಸರನ್ನು ಅವರು ಮಕ್ಕಳಿಗೆ ಇಟ್ಟರು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಕೊಲ್ಲಿ ದೇಶಗಳಿಗೆ ನಮ್ಮವರು ಕಲ್ಲು ಹೊರಲು, ಗಾಡಿ ಹೊಡೆಯಲು, ಅಡಿಗೆ ಮಾಡಲು ಹೋದರು. ಆಗ ‘ನನ್ನನ್ನೇನು ಹಿಂದಿ ಅಂದುಕೊಂಡೆಯಾ?’ ಎಂಬ ಮಾತು ‘ನನ್ನನ್ನೇನು ದಡ್ಡ ಅಂದುಕೊಂಡೆಯಾ?’ ಎಂಬ ಅರ್ಥದಲ್ಲಿ ಚಾಲ್ತಿಗೆ ಬಂತು. ಅರಬಿಯಲ್ಲಿ ‘ಹಿಂದಿ’ ಎಂದರೆ ಭಾರತೀಯ. ಮಲಬಾರಿನ ಬಂದರು ಹತ್ತಿರ ಇದ್ದುದರಿಂದ ದಕ್ಷಿಣದವರೆಲ್ಲ ‘ಮಲಬಾರಿ’. ಕಾಸರಗೋಡಿನ ಕನ್ನಡಿಗನೂ, ಮಂಗಳೂರಿನ ಬ್ಯಾರಿಯೂ, ಗುಲಬರ್ಗಾದವನೂ ಆ ಒಂದೇ ಹೆಸರಿನೊಳಗೆ. ‘ರಫೀಕ್’ ಎಂದರೆ ಸ್ನೇಹಿತ, ಎಷ್ಟು ಒಳ್ಳೆಯ ಶಬ್ದ! ಅದನ್ನೂ ಹೆಸರು ಕೇಳಲು ಮನಸ್ಸಿಲ್ಲದ ಯಜಮಾನ ಕೂಲಿಯವನನ್ನು ಕೂಗಲು ಬಳಸುವುದುಂಟು. ಅರಬರೆಲ್ಲ ಹೀಗೆ ಎಂದು ನಾನು ಹೇಳುತ್ತಿಲ್ಲ. ಅನ್ನ ಕೊಟ್ಟ ನಾಡು ಅದು, ಮನೆಮಕ್ಕಳಂತೆ ನೋಡಿಕೊಂಡ ಯಜಮಾನರೂ ಇದ್ದಾರೆ.

ಎರಡು ಕಥೆಗಳನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ಹೆಸರು ಹುಟ್ಟುವುದು ಊರಿನಿಂದ, ಬಂದರಿನಿಂದ, ಗುಡ್ಡದಿಂದ. ಅದು ಕೆಡುವುದು ಆ ಹೆಸರಿನ ಮನುಷ್ಯ ಮೈಮುರಿದು ದುಡಿಯುವ ಕೆಲಸಕ್ಕೆ ಬಂದಾಗ. ಬೈಗುಳದ ಬೇರು ಜನರ ಗುಣದಲ್ಲಿ ಇಲ್ಲ, ದುಡಿಮೆಯನ್ನು ಕೀಳೆಂದು ನೋಡುವ ಕಣ್ಣಿನಲ್ಲಿ ಇದೆ. ಇದಕ್ಕೆ ದೊಡ್ಡ ಸಾಕ್ಷಿ ‘ಕೂಲಿ’ ಎಂಬ ಶಬ್ದವೇ. ನಮ್ಮ ಕನ್ನಡದಲ್ಲಿ ಕೂಲಿ ಎಂದರೆ ಬೆವರಿಗೆ ಸಿಕ್ಕ ಹಣ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಮದ್ರಾಸಿನಿಂದ ಹೊರಟ ‘ಟ್ರುರೋ’ ಎಂಬ ಹಡಗು ಕಬ್ಬಿನ ತೋಟಕ್ಕೆ ಕರಾರಿನ ಆಳುಗಳನ್ನು ಹೊತ್ತು 1860ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ನೇಟಾಲ್ ಮುಟ್ಟಿತು. ಆ ಮೇಲೆ ಅಲ್ಲಿಗೆ ಹೋದ ಭಾರತೀಯರೆಲ್ಲ, ವ್ಯಾಪಾರಿಯಾಗಲಿ ವಕೀಲನಾಗಲಿ, ‘ಕೂಲಿ’ಗಳೇ ಆದರು. 1893ರಲ್ಲಿ ಹೋದ ಗಾಂಧೀಜಿ ‘ಕೂಲಿ ಬ್ಯಾರಿಸ್ಟರ್’ ಆದರು.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದ ಒಂದು ಸಂಗತಿಯನ್ನು ಗಡಿಯ ಜನ ವಿಶೇಷವಾಗಿ ನೆನಪಿಡಬೇಕು. ಈ ಹೆಸರಿನಿಂದ ತಪ್ಪಿಸಿಕೊಳ್ಳಲು ಅಲ್ಲಿಯ ಮುಸಲ್ಮಾನ ವ್ಯಾಪಾರಿಗಳು ತಮ್ಮನ್ನು ‘ಅರಬರು’ ಎಂದು ಹೇಳಿಕೊಳ್ಳುತ್ತಿದ್ದರಂತೆ. ಪಾರಸಿ ಗುಮಾಸ್ತರು ‘ಪರ್ಶಿಯನರು’ ಎನ್ನುತ್ತಿದ್ದರಂತೆ. ಹಿಂದೂ ಗುಮಾಸ್ತರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅನುಕೂಲ ಇದ್ದವರು ಬೇರೆ ಹೆಸರಿನ ಮರೆಗೆ ಸರಿದರು. ಕೆಟ್ಟ ಹೆಸರಿನ ಭಾರವೆಲ್ಲ ಕಬ್ಬಿನ ಗದ್ದೆಯ ಆಳಿನ ತಲೆಯ ಮೇಲೆ ಉಳಿಯಿತು. ಅಲ್ಲಿಯ ಬಿಳಿಯರು ತಮಿಳರ ಹೆಸರುಗಳ ಕೊನೆಯ ‘ಸ್ವಾಮಿ’ಯನ್ನು ಹಿಡಿದು ಎಲ್ಲರನ್ನೂ ‘ಸಾಮಿ’ ಎಂದು ಕೂಗುತ್ತಿದ್ದರು. ಕೆಲವು ಚುರುಕು ಭಾರತೀಯರು, ‘ಸಾಮಿ ಎಂದರೆ ಒಡೆಯ ಎಂದು ಅರ್ಥ, ನಾನು ನಿಮ್ಮ ಒಡೆಯನಲ್ಲವಲ್ಲ’ ಎಂದು ತಿರುಗಿ ಹೇಳುತ್ತಿದ್ದರಂತೆ. ಮುಂಬಯಿಯ ಉಡುಪಿ ಹೋಟೆಲಿನವರನ್ನು ‘ಏ ಅಣ್ಣಾ’ ಎಂದು ಉಡಾಫೆಯಿಂದ ಕರೆಯುವವರಿಗೂ ಈ ಉತ್ತರ ಸಲ್ಲುತ್ತದೆ. ಅಣ್ಣ ಎಂದ ಮೇಲೆ ಅಣ್ಣನಿಗೆ ಕೊಡುವ ಮರ್ಯಾದೆಯನ್ನೂ ಕೊಡಬೇಕಲ್ಲ!

ಬೇರೆ ಹೆಸರಿನ ಮರೆಗೆ ಸರಿಯುವುದು ನಮ್ಮ ಊರುಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ತಾವು ಕಂಡಿದ್ದೀರಿ. ಮೊದಲು ಬಸ್ಸಿನಲ್ಲಿ ಕನ್ನಡ ನಿಲ್ಲುತ್ತದೆ, ‘ಯಾರಾದರೂ ಕಾನಡಿ ಅಂದಾರು’ ಎಂದು. ಆಮೇಲೆ ಸಾಲೆಯ ಅಂಗಳದಲ್ಲಿ, ಆಮೇಲೆ ಬೀಗರ ಮುಂದೆ. ಕೊನೆಗೆ ಅಡಿಗೆಮನೆಯಲ್ಲಿಯೂ ನಿಲ್ಲುತ್ತದೆ. ಅಜ್ಜಿ ಹಾಸಿಗೆ ಹಿಡಿದು ಮಲಗಿ ಏನೋ ಕೇಳಿದರೆ ಮೊಮ್ಮಗ ಅಪ್ಪನ ಮುಖ ನೋಡುತ್ತಾನೆ. ಮರಾಠಿ ಕಲಿತದ್ದರಿಂದ ಕನ್ನಡ ಹೋಯಿತು ಎಂದು ಯಾರೂ ತಿಳಿಯಬಾರದು. ಮರಾಠಿಯೂ ನಮ್ಮದೇ. ಅದು ಅನ್ನದ ಭಾಷೆ, ಅಭಂಗದ ಭಾಷೆ, ನೆರೆಹೊರೆಯ ಭಾಷೆ. ಎರಡು ಭಾಷೆ ಇದ್ದ ಮನೆಯಲ್ಲಿ ಒಂದು ಸತ್ತರೆ ಅದನ್ನು ಕೊಂದದ್ದು ಇನ್ನೊಂದು ಭಾಷೆಯಲ್ಲ. ‘ಅಂದಾರು’ ಎಂಬ ಅಂಜಿಕೆ ಅದನ್ನು ಕೊಲ್ಲುತ್ತದೆ.

ಇನ್ನು ನಾವು ಬರೀ ಕರೆಸಿಕೊಂಡವರೇ ಎಂದು ಹೇಳಿದರೆ ಅರ್ಧ ಸತ್ಯವಾದೀತು. ನಾವೂ ಕರೆದವರೇ. ಹಳೆಯ ಕನ್ನಡಿಗರು ಮರಾಠರನ್ನು ‘ಆರೆ’ ಎಂದರು. ಯುರೋಪಿನವರೆಲ್ಲರನ್ನೂ ‘ಫಿರಂಗಿ’ ಎಂದರು, ಅದು ‘ಫ್ರಾಂಕ್’ ಎಂಬ ಒಂದು ಜನಾಂಗದ ಹೆಸರು. ಅವರ ತೋಪು ಫಿರಂಗಿಯಾಯಿತು. ಅವರು ತಂದ ಪಪ್ಪಾಯಿ ದಕ್ಷಿಣ ಕರ್ನಾಟಕದಲ್ಲಿ ಪರಂಗಿ ಹಣ್ಣಾಯಿತು. ಅವರೊಡನೆ ಬಂದ ಕೆಟ್ಟ ಕಾಯಿಲೆಯನ್ನು 16ನೆಯ ಶತಮಾನದ ವೈದ್ಯಗ್ರಂಥ ಭಾವಪ್ರಕಾಶ ‘ಫಿರಂಗ ರೋಗ’ ಎಂದಿತು. ಇವತ್ತಿನ ಮಾತಿಗೆ ಬಂದರೆ, ದ್ರಾಕ್ಷಿ ತೋಟಕ್ಕೂ ಕಟ್ಟಡಕ್ಕೂ ಉತ್ತರದಿಂದ ಬಂದ ಹುಡುಗನಿಗೆ ನಾವು ‘ಭಯ್ಯಾ’ ಎನ್ನುತ್ತೇವೆ. ಅದು ಅಣ್ಣ ಎಂಬ ಶಬ್ದವೇ. ಆದರೆ ನಮ್ಮ ಧ್ವನಿಯಲ್ಲಿ ಅಣ್ಣ ಇರುತ್ತಾನೆಯೇ? ಬೀಡ ಸೀಮೆಯಿಂದ ಎತ್ತಿನ ಗಾಡಿ ಹೂಡಿಕೊಂಡು ಕಬ್ಬು ಕಡಿಯಲು ಬಂದು ನಮ್ಮ ಹೊಲದ ಬದುವಿನಲ್ಲಿ ಗುಡಿಸಲು ಹಾಕಿದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರಿಗೂ ಅವ್ವ ಇಟ್ಟ ಹೆಸರುಗಳಿವೆ.

ಹೆಸರು ಕೊಡುವುದರಲ್ಲಿ ಇನ್ನೊಂದು ರೀತಿ ಇದೆ ಎಂಬುದಕ್ಕೆ ಸಮಡೋಳಿಯೇ ದೃಷ್ಟಾಂತ. ಕೃಷ್ಣಾ ವಾರಣಾ ನಡುವಿನ ಈ ಊರಿಗೆ 1924ರಲ್ಲಿ ಒಬ್ಬ ದಿಗಂಬರ ಮುನಿ ಬಂದಿದ್ದರು. ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಮನೆತನದಿಂದ ಬಂದ ಶಾಂತಿಸಾಗರರು. ಅವರ ನಡೆ, ವ್ರತ, ಮಾತನ್ನು ಹತ್ತಿರದಿಂದ ನೋಡಿದ ಸಂಘ ಇದೇ ಸಮಡೋಳಿಯಲ್ಲಿ ಅವರಿಗೆ ‘ಆಚಾರ್ಯ’ ಪದವಿ ಕೊಟ್ಟಿತು. ಮುಂದೆ 1927–28ರಲ್ಲಿ ಅವರು ಕಾಲ್ನಡಿಗೆಯಿಂದ ಸಮ್ಮೇದ ಶಿಖರ್ಜಿಯವರೆಗೆ ಹೋದರು. ನಮ್ಮ ಭಾಷೆ ತಿಳಿಯದ ಉತ್ತರದ ಜನರೂ ಅವರನ್ನು ಆ ಹೆಸರಿನಿಂದಲೇ ಗುರುತಿಸಿದರು. 1955ರಲ್ಲಿ ಕುಂಥಲಗಿರಿಯಲ್ಲಿ ದೇಹ ಬಿಡುವವರೆಗೂ ಆ ಹೆಸರು ಅವರ ಜೊತೆಗಿತ್ತು, ಇಂದಿಗೂ ಇದೆ. ‘ಘಾಟಿ’ಯೂ ಹೆಸರೇ, ‘ಆಚಾರ್ಯ’ವೂ ಹೆಸರೇ. ಮೊದಲನೆಯದನ್ನು ಮುಖ ನೋಡದೆ ಎಸೆದರು, ಎರಡನೆಯದನ್ನು ಮನುಷ್ಯನನ್ನು ನೋಡಿ ಕೊಟ್ಟರು.

ಎಲ್ಲರೂ ಆಚಾರ್ಯರಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಮುಖ ನೋಡಿ ಹೆಸರು ಕೇಳುವುದು ಎಲ್ಲರಿಂದಲೂ ಆಗುವ ಕೆಲಸ. ಆದ್ದರಿಂದ ಕೇಳುಗ ಬಂಧುಗಳೇ, ಎರಡು ಮಾತು ಹೇಳಿ ಮುಗಿಸುತ್ತೇನೆ. ಮಗ ಊರು ಬಿಟ್ಟು ಮುಂಬಯಿಗೋ ದುಬಾಯಿಗೋ ಹೊರಟರೆ ಬುತ್ತಿಯ ಜೊತೆ ಈ ಇತಿಹಾಸವನ್ನೂ ಕಟ್ಟಿಕೊಡಿ. ಯಾರಾದರೂ ಕಾನಡಿ ಎಂದರೆ ‘ಹೌದರಿ, ವಿಠ್ಠಲನಿಗೂ ಹಾಗೇ ಅಂದಿದ್ದಾರೆ’ ಎಂದು ನಗುತ್ತ ಹೇಳುವಷ್ಟು ಧೈರ್ಯ ಅವನಿಗೆ ಬರಲಿ. ಹಾಗೆಯೇ ಈ ಹಂಗಾಮಿನಲ್ಲಿ ನಿಮ್ಮ ಹೊಲಕ್ಕೆ ಬರುವ ಪರವೂರಿನ ಕೂಲಿಯವನಿಗೆ ನೀರಿನ ತಂಬಿಗೆ ಕೊಡುವಾಗ, ‘ತಮ್ಮಾ, ನಿನ್ನ ಹೆಸರೇನು?’ ಎಂದು ಕೇಳಿ. ಕೇಳಿದ ಮೇಲೆ ಅದೇ ಹೆಸರಿನಿಂದ ಕರೆಯಿರಿ.